ಪುಕ್ಕಟೆ ವೆಬ್‌ಸೈಟಿನ ಹುಡುಗಿ

ನಂಜನಗೂಡಿನ ಬಸ್ ನಿಲ್ದಾಣದ ಎದುರು ಒಂದು ಮಹಡಿಯ ಮೇಲೆ ನಯನ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದಳು. ನಾಲ್ಕು ಕಂಪ್ಯೂಟರ್, ಒಂದು ಸ್ಕ್ಯಾನರ್, ಫೋನ್ ಬಂದರೆ ಕಡಿದುಹೋಗುವ ಇಂಟರ್‌ನೆಟ್ಟು. ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದಳು. 2004ರ ಹೊತ್ತಿಗೆ ಒಂದು ಅಕ್ಕಿ ಗಿರಣಿಗೂ ಒಬ್ಬ ಹಲ್ಲಿನ ಡಾಕ್ಟರಿಗೂ ಮಾಡಿಕೊಟ್ಟಿದ್ದಳು. ಡಾಕ್ಟರ ವೆಬ್‌ಸೈಟನ್ನು ದಿನಾ ನೋಡಲು ಬರುತ್ತಿದ್ದವರು ಡಾಕ್ಟರೊಬ್ಬರೇ.

ಆ ವರ್ಷ ತಿ. ನರಸೀಪುರದಿಂದ ಗಂಗಾಧರಸ್ವಾಮಿ ಮೇಷ್ಟ್ರು ಅವಳನ್ನು ಹುಡುಕಿಕೊಂಡು ಬಂದರು. ನಿವೃತ್ತರಾದ ಮೇಲೆ ಅವರು ಮನೆಯ ಜಗುಲಿಯಲ್ಲೇ ವಧೂವರರ ಕೇಂದ್ರ ತೆರೆದಿದ್ದರು. ಎಪ್ಪತ್ತಕ್ಕೂ ಹೆಚ್ಚು ಮದುವೆ ಮಾಡಿಸಿದ್ದರು. ಹುಡುಗನಿಗೆ ಮೂವತ್ತಾರಾಗಿದ್ದರೆ ಮೂವತ್ತಾರು ಎಂದೇ ಹೇಳುವವರು, ಎರಡು ಎಕರೆಯನ್ನು ನಾಲ್ಕು ಮಾಡಿದವರಲ್ಲ. ‘ಕಣ್ಣಾರೆ ನೋಡದವರನ್ನು ತೋರಿಸುವುದಿಲ್ಲ’ ಎಂದು ಬೋರ್ಡಿನ ಮೇಲೇ ಬರೆಸಿದ್ದರು.

ಕೇಂದ್ರಕ್ಕೂ ಒಂದು ವೆಬ್‌ಸೈಟ್ ಬೇಕೆಂದ ಮೇಷ್ಟ್ರಿಗೆ ನಯನ ಎರಡು ದಾರಿ ಹೇಳಿದಳು. ವರ್ಷಕ್ಕೆ ಎರಡು ಸಾವಿರದ ನಾನೂರು ಕಟ್ಟಿದರೆ ಕೇಂದ್ರದ ಹೆಸರಿನಲ್ಲೇ ವಿಳಾಸ ಸಿಗುತ್ತದೆ. ಬೇಡವೆಂದರೆ ಅಮೆರಿಕದ ಒಂದು ಕಂಪನಿ ಪುಕ್ಕಟೆ ಜಾಗ ಕೊಡುತ್ತದೆ. ಆದರೆ ಪುಟದ ಮೇಲ್ಗಡೆ ಅವರ ಜಾಹೀರಾತು ಇರುತ್ತದೆ, ವಿಳಾಸ ಮಾರುದ್ದ ಇರುತ್ತದೆ, ನೋಡುವವರು ಹೆಚ್ಚಾದರೆ ತಿಂಗಳು ಮುಗಿಯುವ ಮೊದಲೇ ಫೋಟೊಗಳು ಕಾಣದಂತಾಗುತ್ತವೆ. ಮೇಷ್ಟ್ರು ಯೋಚಿಸಲೇ ಇಲ್ಲ.

“ಜಾಗ ಕೊಟ್ಟೋರು ಒಂದು ಬೋರ್ಡು ನೇತಾಕ್ಕೊಂಡ್ರೆ ನಮ್ಗೇನವ್ವ ನಷ್ಟ?” ಅಂದರು.

ನಯನಾಳಿಗೂ ಕೆಲಸ ಬೇಕಿತ್ತು. ಹೆಚ್ಚು ವಾದಿಸಲಿಲ್ಲ.

ಎರಡು ವಾರದಲ್ಲಿ ನೂರಹನ್ನೆರಡು ಜನರ ವಿವರ ಹತ್ತಿಸಿದ್ದಾಯಿತು. ವಿಳಾಸ ಎಷ್ಟು ಉದ್ದವಿತ್ತೆಂದರೆ ವಿಸಿಟಿಂಗ್ ಕಾರ್ಡಿನ ಮುಂದೆ ಅರ್ಧ, ಹಿಂದೆ ಅರ್ಧ ಅಚ್ಚಾಯಿತು. ಮೇಷ್ಟ್ರು ಬಂದು ನೋಡಿದ ದಿನ ಜಾಹೀರಾತಿನ ಜಾಗದಲ್ಲಿ ಒಂದು ಜೊತೆ ಬೂಟು ಇತ್ತು. ಅವರು ನೆಮ್ಮದಿಯಾಗಿ ಬಸ್ ಹತ್ತಿದರು.

ಮುಂದಿನ ಬುಧವಾರ ಹುಲ್ಲಹಳ್ಳಿಯಿಂದ ಚನ್ನಾಜಮ್ಮ ಎಂಬುವರು ತಮ್ಮ ಮಗ ನಂಜುಂಡೇಶನನ್ನು ಕರೆದುಕೊಂಡು ಸೆಂಟರಿಗೆ ಬಂದರು. ನಂಜುಂಡೇಶನಿಗೆ ಮೂವತ್ತನಾಲ್ಕು. ಗೊಬ್ಬರದ ಅಂಗಡಿ ಇಟ್ಟಿದ್ದ. ಮಾತು ಕಡಿಮೆ. ಹನ್ನೊಂದು ಹೆಣ್ಣು ನೋಡಿ ಬಂದಿದ್ದರೂ ಒಪ್ಪಿಗೆ ಅಂತಲೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ. ಅವನೇ ಕಂಪ್ಯೂಟರಿನ ಮುಂದೆ ಕೂತು ಮೇಷ್ಟ್ರ ಪುಟ ತೆರೆದ. ಬೂಟು ಹೋಗಿ ಅಲ್ಲಿಗೆ ಒಬ್ಬಳು ಹುಡುಗಿ ಬಂದಿದ್ದಳು. ಕಪ್ಪು ಕೂದಲು, ಹಾಲಿನಂಥ ಬಣ್ಣ. ಮೂರು ಎಣಿಸುವಷ್ಟರಲ್ಲಿ ಒಂದು ಸಲ ಎಡಗಣ್ಣು ಮಿಟುಕಿಸುತ್ತಿದ್ದಳು. ಕೆಳಗೆ, ಒಂಟಿಯಾಗಿದ್ದರೆ ಬಂದು ಮಾತಾಡಿ ಎಂದು ಇಂಗ್ಲಿಷಿನಲ್ಲಿತ್ತು. ಚನ್ನಾಜಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಂಜುಂಡೇಶನಿಗೆ ಬರುತ್ತಿತ್ತು, ಆದರೆ ಅವನು ಸುಮ್ಮನಿದ್ದ.

ಅವತ್ತು ಸಂಜೆಯೇ ಚನ್ನಾಜಮ್ಮ ಮೇಷ್ಟ್ರಿಗೆ ಫೋನು ಮಾಡಿದರು. “ಎಲ್ರಿಗಿಂತ ಮೇಲ್ಗಡೆ ಇರೋ ಉಡುಗಿ ನಮ್ಗೊಪ್ಗೆ ಕಣ್ರೀ. ಎಡಗಣ್ಣು ವಸಿ ಅದುರ್ತದೆ. ಅದೇನ್ ದೊಡ್ಡದಲ್ಲ ಬುಡಿ, ಮೈಸೂರ್ನಲ್ಲಿ ತೋರುಸ್ಕತೀವಿ.”

ಮೇಷ್ಟ್ರು ಹೆಸರು ಬರೆದಿಟ್ಟ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ, ಕಣ್ಣು ಅದುರುವ ಹುಡುಗಿ ತಮ್ಮಲ್ಲಿ ಯಾರೂ ಇಲ್ಲವೆಂದು ಖಂಡಿತವಾಗಿ ಹೇಳಿದರು. ಬೇರೆ ಯಾರೋ ಸ್ಥಿತಿವಂತರಿಗೆ ಕೊಡಿಸಲು ಬಚ್ಚಿಡುತ್ತಿದ್ದಾರೆ ಎಂದು ಚನ್ನಾಜಮ್ಮ ತೀರ್ಮಾನಿಸಿದರು. ಇಬ್ಬರು ಮಂಡಿ ವ್ಯಾಪಾರಿಗಳು ಅದೇ ಹುಡುಗಿಯ ಜಾತಕ ಕೇಳಿಕೊಂಡು ಜಗುಲಿಗೇ ಬಂದರು. ಕಳಲೆ ಊರಿನ ಒಬ್ಬರು, ವರದಕ್ಷಿಣೆಯ ಮಾತೇ ಎತ್ತುವುದಿಲ್ಲ, ಹುಡುಗಿಯ ಊರು ಯಾವುದು ಹೇಳಿ ಸಾಕು ಎಂದು ಕಾಗದ ಬರೆದರು. ಮೇಷ್ಟ್ರು ಸುಳ್ಳು ಹೇಳಲು ಶುರು ಮಾಡಿದ್ದಾರೆ ಎಂಬ ಮಾತು ಊರಲ್ಲಿ ಹುಟ್ಟಿತು. ಅವರು ಸಂಜೆ ಹೊಳೆ ಕಡೆ ತಿರುಗಾಡಲು ಹೋಗುವುದನ್ನೇ ಬಿಟ್ಟರು. ಕೊನೆಗೆ ತಡೆಯಲಾರದೆ ನಂಜನಗೂಡಿಗೆ ಬಂದರು.

ನಯನ ಪುಟ ತೆರೆದಳು. ಹುಡುಗಿ ಮೇಷ್ಟ್ರನ್ನು ನೋಡಿ ಕಣ್ಣು ಮಿಟುಕಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೊಂದು ಸಲ ಮಿಟುಕಿಸಿದಳು. ಮೇಷ್ಟ್ರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಪ್ಯೂಟರಿನ ಮೇಲರ್ಧ ಮುಚ್ಚಿದರು.

ಇದನ್ನು ತೆಗೆಸಬೇಕೆಂದರೆ ದುಡ್ಡು ಕಟ್ಟಿ ಬೇರೆ ಕಡೆಗೆ ಹೋಗಬೇಕು ಎಂದು ನಯನ ವಿವರಿಸಿದಳು. ಬೇರೆ ಉಪಾಯವೇ ಇಲ್ಲವೇ ಎಂದು ಮೇಷ್ಟ್ರು ಕೇಳಿದರು. ಇತ್ತು. ನಾಲ್ಕು ಸಾಲು ಕೋಡ್ ಸೇರಿಸಿದರೆ ಜಾಹೀರಾತು ಕಾಣದಂತೆ ಮಾಡಬಹುದು, ಆದರೆ ಕಂಪನಿಯ ಷರತ್ತಿಗೆ ವಿರುದ್ಧ.

“ಅಂದ್ರೆ ಮೋಸ ಅಲ್ವಾ?”

“ಮೋಸಾನೇ ಮೇಷ್ಟ್ರೇ.”

ಅವರು ಟವೆಲ್ಲಿನ ತುದಿ ಎತ್ತಿ ನೋಡಿ, ಮತ್ತೆ ಇಳಿಬಿಟ್ಟರು. “ಈ ತಿಂಗ್ಳು ಒಂದು ಮಾಡ್ಬುಡವ್ವ,” ಅಂದರು ಮೆಲ್ಲಗೆ. ಬೇಡ ಎನ್ನಬೇಕಿತ್ತು ಎಂದು ನಯನಾಳಿಗೆ ಗೊತ್ತಿತ್ತು. ಮಾಡಿಬಿಟ್ಟಳು.

ನಾಲ್ಕನೆಯ ದಿನ ಕಂಪನಿ ವೆಬ್‌ಸೈಟನ್ನೇ ಕಿತ್ತುಹಾಕಿತು. ಷರತ್ತು ಮುರಿದಿರುವುದರಿಂದ ಮುಚ್ಚಲಾಗಿದೆ ಎಂಬ ಒಂದೇ ಸಾಲು ಉಳಿಯಿತು.

ಆ ಬುಧವಾರವೂ ತಾಯಿ ಮಗ ಬಂದಿದ್ದರು. ಚನ್ನಾಜಮ್ಮ, ಹುಡುಗಿ ಯಾರದೋ ಪಾಲಾದಳು, ಅದಕ್ಕೇ ಬಾಗಿಲು ಹಾಕಿದ್ದಾರೆ ಎಂದು ಹೇಳಿ ಕೆಳಗಿಳಿದು ಹೋದರು. ನಂಜುಂಡೇಶ ಮಾತ್ರ ನಯನಾಳ ಮೇಜಿನ ಹತ್ತಿರ ಬಂದ.

“ನಲವತ್ತೇಳನೇ ನಂಬರ್ ಎಲ್ಲಿಗೋಯ್ತು ಮೇಡಂ?”

ಆಮೇಲೆ ಎಲ್ಲ ಹೊರಬಿತ್ತು. ಮೇಲಿರುವುದು ಜಾಹೀರಾತು ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಅಮ್ಮ ಆ ಹುಡುಗಿಯನ್ನು ನೋಡಲು ಪ್ರತಿ ವಾರ ಕರೆತರುತ್ತಿದ್ದರು, ಅವನು ಕೆಳಗೆ ನಲವತ್ತೇಳನೆಯ ವಿವರ ಓದುತ್ತಿದ್ದ. ಅದು ತಲಕಾಡಿನ ಶಾಲೆಯ ಟೀಚರ್ ಶಿವರಂಜನಿಯದು. ಫೋಟೊ ಇರಬೇಕಾದ ಜಾಗದಲ್ಲಿ ಒಂದು ಕೆಂಪು ಇಂಟು ಗುರುತು ಮಾತ್ರ ಕಾಣುತ್ತಿತ್ತು, ತಿಂಗಳ ಮಿತಿ ಮುಗಿದಿತ್ತು. ಪಕ್ಕದಲ್ಲಿ ಅವಳೇ ಬರೆದುಕೊಟ್ಟಿದ್ದ ಸಾಲುಗಳಿದ್ದವು: ‘ವಯಸ್ಸು ಮೂವತ್ತೆರಡು. ಅಡುಗೆ ಸಾಧಾರಣ. ಕೋಪ ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಕೆಲಸ ಬಿಡುವುದಿಲ್ಲ.’ ನಂಜುಂಡೇಶ ಅದನ್ನು ಬಾಯಿಪಾಠ ಹೇಳಿದ. ಇಷ್ಟು ವರ್ಷದಲ್ಲಿ ಹೀಗೆ ಬರೆದವರು ಇವರೊಬ್ಬರೇ, ಎಂದ.

ನಯನಾಳಿಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಪುಣ್ಯಕ್ಕೆ ಎಲ್ಲ ವಿವರಗಳೂ ಫ್ಲಾಪಿಗಳಲ್ಲಿ ಉಳಿದಿದ್ದವು. ಅವಳು ಮೇಷ್ಟ್ರಿಗೆ ಫೋನು ಮಾಡಿದಳು. ಮಾರನೆಯ ದಿನವೇ ಅವರು ಬಂದು ವರ್ಷದ ದುಡ್ಡು ಕಟ್ಟಿದರು. ತನ್ನ ಕೂಲಿ ಬೇಡವೆಂದು ನಯನ ಹಟ ಹಿಡಿದಳು.

ಹೊಸ ವೆಬ್‌ಸೈಟ್ ತೆರೆದ ದಿನ ಮೇಷ್ಟ್ರು ಚನ್ನಾಜಮ್ಮನನ್ನು ಮಗನ ಸಮೇತ ಸೆಂಟರಿಗೆ ಕರೆಸಿದರು. ಆ ಹುಡುಗಿ ಯಾರದೋ ಜಾಹೀರಾತು, ಅವಳು ಯಾರೆಂದು ತಮಗೂ ಗೊತ್ತಿಲ್ಲ ಎಂದು ಎದ್ದು ನಿಂತು ಹೇಳಿದರು. ಅದನ್ನು ಮರೆಮಾಡಲು ಹೋಗಿ ಸಿಕ್ಕಿಬಿದ್ದದ್ದನ್ನೂ ಬಿಡಲಿಲ್ಲ.

ಚನ್ನಾಜಮ್ಮ ಪೂರ್ತಿ ಕೇಳಿಸಿಕೊಂಡರು. “ನೀವೇ ಕಾಣ್ದಿರೋ ಎಣ್ಣ ನಿಮ್ಮ ತಲಬಾಗ್ಲಲ್ಲಿ ಯಾಕ್ ನಿಲ್ಲಿಸ್ಕಂಡಿದ್ರಿ ಮೇಷ್ಟ್ರೇ?”

“ಪುಕ್ಕಟೆ ಸಿಕ್ತು ಅಂತ ಕಣವ್ವ.”

ಆ ಉತ್ತರ ಚನ್ನಾಜಮ್ಮನಿಗೆ ಹಿಡಿಸಿತು. ಅವರೂ ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟವರಲ್ಲ.

ಆಗ ನಂಜುಂಡೇಶ ನಲವತ್ತೇಳು ತೆಗೆಯಿರಿ ಎಂದ. ಮಗ ತಾನಾಗಿ ಬಾಯಿಬಿಟ್ಟದ್ದನ್ನು ಕಂಡು ತಾಯಿ ತಿರುಗಿ ನೋಡಿದರು. ಫೋಟೊ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು: ಬೈತಲೆ, ಹಣೆ. ಅಷ್ಟರಲ್ಲಿ ನಂಜುಂಡೇಶ ಕಣ್ಣು ಮುಚ್ಚಿಕೊಂಡ. ಚನ್ನಾಜಮ್ಮ ಮಾತ್ರ ಬಗ್ಗಿ ಕೂತು ಒಂದು ನಿಮಿಷ ಪರೀಕ್ಷಿಸಿದರು. “ಕಣ್ಣೆರಡೂ ನೆಟ್ಟಗವೆ. ನೋಡ್ಲಾ, ಎದರ್ಕಬ್ಯಾಡ,” ಅಂದರು.

ಮುಂದಿನ ಭಾನುವಾರ ಮೇಷ್ಟ್ರ ಜಗುಲಿಯಲ್ಲಿ ಶಿವರಂಜನಿಯನ್ನು ನೋಡುವುದಾಯಿತು. ತಾನು ಬರೆದದ್ದನ್ನು ಓದಿದ ಮೇಲೂ ಬಂದಿದ್ದೀರಲ್ಲ ಎಂದು ಅವಳು ನಂಜುಂಡೇಶನನ್ನು ಕೇಳಿದಳು. ಓದಿದ್ದಕ್ಕೇ ಬಂದೆ, ಎಂದ. ಅವಳು ಕಾಫಿ ಲೋಟವನ್ನು ಅವನ ಕಡೆ ಸ್ವಲ್ಪ ಸರಿಸಿದಳು. ಕೆಲಸದ ವಿಚಾರಕ್ಕೆ ಬಂದಾಗ ಮಾತ್ರ ಚನ್ನಾಜಮ್ಮ ಪಟ್ಟು ಹಿಡಿದರು. ಗಂಡನ ಮನೆ ಹುಲ್ಲಹಳ್ಳಿಯಲ್ಲಿ, ಸೊಸೆ ತಲಕಾಡಿನಲ್ಲಿ, ಇದೆಂಥ ಸಂಸಾರ? ವರ್ಗ ಆಗುವವರೆಗೆ ಶನಿವಾರ ಶನಿವಾರ ಬರುತ್ತೇನೆ, ಅದಕ್ಕಿಂತ ಹೆಚ್ಚಾಗುವುದಿಲ್ಲ ಎಂದು ಶಿವರಂಜನಿ ನೇರವಾಗಿ ಹೇಳಿದಳು.

ಚನ್ನಾಜಮ್ಮ ಮಗನ ಮುಖ ನೋಡಿದರು, ಆಮೇಲೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಸೂರು ನೋಡುತ್ತಿದ್ದರು.

“ಮೂರು ಬಸ್ ಅತ್ತಿ ಇಳೀಬೇಕಲ್ಲವ್ವ ನೀನು,” ಎಂದರು ಚನ್ನಾಜಮ್ಮ ಕೊನೆಗೆ, ಸ್ವರ ತಗ್ಗಿಸಿ.

ಮಧ್ಯಾಹ್ನ ಎರಡೂಕಾಲಿಗೆ ತಲಕಾಡು ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಹುಲ್ಲಹಳ್ಳಿ ಸೇರಬಹುದು ಎಂದು ನಂಜುಂಡೇಶ ಹೇಳಿದ. ಆ ದಾರಿಯ ಕಂಡಕ್ಟರನ್ನು ಅವನು ಹಿಂದಿನ ವಾರವೇ ವಿಚಾರಿಸಿಕೊಂಡು ಬಂದಿದ್ದ.