ಮಾವ ಮಾತು ಮುಗಿಸುವ ಮೊದಲು

ಸೋಮವಾರ ಬಂತೆಂದರೆ ನನಗೆ ತಲೆನೋವು. ಫ್ರಾನ್ಸಿಸ್‌ಟೌನಿನ ನಮ್ಮ ರೇಡಿಯೋದಲ್ಲಿ ಹವಾಮಾನದ ಕಾರ್ಯಕ್ರಮ ನಡೆಸುವವನು ನಾನು. ಜನ ಫೋನು ಮಾಡುವುದು ಕೇಳುವುದಕ್ಕಲ್ಲ, ಬೈಯುವುದಕ್ಕೆ. ಬೈಸಿಕೊಳ್ಳುವವಳು ಹವಾಮಾನ ಕಚೇರಿಯ ತ್ಸೆನೊಲೊ. ಮೊದಮೊದಲು ನಗುತ್ತಲೇ ಉತ್ತರ ಕೊಡುತ್ತಿದ್ದಳು. ಬರಬರುತ್ತಾ, ಅವರು ಬಾಯಿ ತೆರೆದ ಕೂಡಲೇ ಇವಳೂ ಮೇಲೆ ಬೀಳತೊಡಗಿದಳು.

"ಬಿಳಿಯರ ದುಡ್ಡು ತಿಂದು ನಮ್ಮನ್ನ ಹೆದರಿಸ್ತೀಯೇನಮ್ಮಾ?"

"ಗೊತ್ತಿಲ್ಲದ್ದಕ್ಕೆಲ್ಲ ಬಾಯಿ ಹಾಕ್ಬೇಡಿ!"

ಎಲ್ಲರಿಗಿಂತ ಜೋರು ಬಾಯಿ ಅವಳ ಸೋದರಮಾವ ಕೆಬೊನಾಂಗನದು. ಶಾಶೆ ನದಿ ದಂಡೆಯ ಕೇರಿಗೆ ಅವನೇ ಹಿರಿಯ. ತ್ಸೆನೊಲೊಳ ತಾಯಿಯ ಮನೆಯೂ ಅಲ್ಲೇ. ಈ ಸಲ ಹೊಳೆ ಉಕ್ಕಿ ಬರುತ್ತದೆ, ಮಳೆಗೆ ಮುಂಚೆ ಗುಡ್ಡದ ಕಡೆ ಹೋಗಿಬಿಡಿ ಎಂದು ಅವಳು ಬಡಕೊಳ್ಳುತ್ತಿದ್ದಳು. ಅವನು ಹೂಂ ಎಂದರೆ ಇಡೀ ಕೇರಿ ಎದ್ದು ಹೊರಡುತ್ತದೆ. ಅವನು ಅನ್ನಬೇಕಲ್ಲ!

ಕೊನೆಗೆ ಊರ ಮುಖ್ಯಸ್ಥ ಖೋಟ್ಲಾ ಸಭೆ ಸೇರಿಸಿದ. ನಾನೂ ಹೋಗಿ, ಟೋಪಿ ತೆಗೆದು, ಮರದ ಕಂಬಗಳ ಬೇಲಿಯೊಳಗೆ ಕೂತೆ. ಅಲ್ಲಿ ಎಂಥ ದಡ್ಡ ಎದ್ದು ಮಾತಾಡಿದರೂ ಅವನು ಕೂರುವ ತನಕ ಯಾರೂ ಉಸಿರೆತ್ತುವಂತಿಲ್ಲ. ಅಬ್ಬಾ, ಕಿವಿಗೆ ಎಷ್ಟು ಸುಖ! ತ್ಸೆನೊಲೊ ತಲೆಗೆ ಬಟ್ಟೆ ಕಟ್ಟಿಕೊಂಡು ಸಮಾಧಾನವಾಗಿಯೇ ಎಲ್ಲ ವಿವರಿಸಿದಳು. ಆಮೇಲೆ ಕೆಬೊನಾಂಗ್ ಎದ್ದ.

"ಈ ಹುಡುಗಿ ಸುಳ್ಳುಬುರುಕಿ ಅಂತ ರೇಡಿಯೋದಲ್ಲಿ ಹೇಳಿದವನು ನಾನೇ. ನಮ್ಮ ಹೊಳೆ ಬಗ್ಗೆ ಇವಳಿಗೇನು ಗೊತ್ತು ಅಂತ..."

"ಸಾಕು ಮಾವಾ! ಮತ್ತೆ ಅದೇ ಹಳೇ ರಾಗ!"

ಜನ ಎಲ್ಲ ಅವಳ ಕಡೆ ತಿರುಗಿದರು. ತ್ಸೆನೊಲೊಳ ಕೈ ಬಾಯಿಗೆ ಹೋಯಿತು, ಆದರೆ ಮಾತು ಹೊರಬಿದ್ದಾಗಿತ್ತು. ಕೆಬೊನಾಂಗ್ ಮಾತು ಅಲ್ಲಿಗೇ ಬಿಟ್ಟು ಕೂತ. ಅವನ ಕೇರಿಯವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಮಳೆ ಬಿದ್ದು ಉಳುಮೆ ಮುಗಿಯಲಿ, ಮತ್ತೆ ಸೇರೋಣ ಎಂದು ಮುಖ್ಯಸ್ಥ ಸಭೆ ಮುಗಿಸಿದ.

ಬೇಲಿಯ ಆಚೆ ಕೆಬೊನಾಂಗನನ್ನು ತಡೆದೆ. "ಏನು ಹೇಳೋಕೆ ಹೊರಟಿದ್ರಿ?"

"ಹೋದ ಸಲ ನೀರು ನನ್ನ ಹೊಸಿಲಿಗೇ ಬಂದಿತ್ತು. ಯಾರಿಗೂ ಹೇಳಿರ್ಲಿಲ್ಲ. ತಪ್ಪು ನಂದೇ, ಹುಡುಗಿ ಹೇಳೋದು ನಿಜ, ಏಳಿ ಹೋಗೋಣ ಅಂತ ಹೇಳೋನಿದ್ದೆ."

"ಹಾಗಾದ್ರೆ ಈಗ್ಲೇ ಬಂದು ಹೇಳಿ!"

"ನನ್ನ ಜನದ ಮುಂದೆ ನನ್ನ ಬಾಯಿ ಮುಚ್ಚಿಸಿದ್ಲಲ್ಲಪ್ಪಾ. ಈಗ ನಾನು ಏಳಿ ಅಂದ್ರೆ, ಮುದುಕ ಸೊಸೆಗೆ ಹೆದರಿದ ಅಂತಾರೆ. ಒಬ್ರೂ ಏಳಲ್ಲ."

ಹಿಂದೆಯೇ ನಿಂತಿದ್ದ ತ್ಸೆನೊಲೊ ಅಷ್ಟನ್ನೂ ಕೇಳಿಸಿಕೊಂಡಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಅಯ್ಯೋ ಪಾಪ ಅನಿಸಿತು. ಹಾಗೆ ಮಾತಾಡಲು ಅವಳಿಗೆ ಕಲಿಸಿದ್ದೇ ನಮ್ಮ ಸೋಮವಾರಗಳು.

ಮುಂದಿನ ಸೋಮವಾರ ಮೊದಲ ಕರೆಯವನೇ ಶುರು ಹಚ್ಚಿಕೊಂಡ. ಕರೆ ಕತ್ತರಿಸಲು ಗುಂಡಿಗೆ ಕೈ ಹಾಕಿದೆ. ತ್ಸೆನೊಲೊ ನನ್ನ ಕೈ ಹಿಡಿದಳು.

"ಬಿಡಿ, ಅವರು ಮುಗಿಸ್ಲಿ."

ಅವನು ಬೈದ, ಬೈದ, ಬೈದೇ ಬೈದ. ಅವಳು ಕೇಳುತ್ತಾ ಕೂತಳು. ಶಾಶೆಯ ಕಡೆ ಆಗಲೇ ಮಳೆ ಹಿಡಿದಿತ್ತು. ಅವಳ ತಾಯಿ ಇನ್ನೂ ಆ ಮನೆಯಲ್ಲೇ ಇದ್ದಳು.