ಕಬ್ಬಿಣದ ಕ್ಯಾನು

ಗಂಡ ಬೆಂಕಿಗೆ ಸಿಕ್ಕಿ ಸತ್ತ ಶೆಡ್ಡಿನ ಬಾಗಿಲನ್ನು ಮತ್ತೆ ತೆರೆದ ದಿನವೇ ಅವಳು ಮೈದುನನ ಎದುರು ಪಟ್ಟು ಹಿಡಿದು ನಿಂತಳು.

ಅದು ಚಪ್ಪಲಿ ಹೊಲಿಯುವವರಿಗೆ ರಬ್ಬರ್ ಅಂಟು ಮಾಡಿಕೊಡುವ ಶೆಡ್ಡು. ರಬ್ಬರ್ ಕರಗಿಸಲು ಟಾಲುಯಿನ್ ಬೇಕು. ನೋಡಲು ನೀರಿನಷ್ಟೇ ತಿಳಿ, ಮೂಗಿಗೆ ಪೇಂಟಿನ ವಾಸನೆ. ಅದರ ಆವಿ ಗಾಳಿಗಿಂತ ಭಾರ. ನೆಲಕ್ಕಂಟಿಕೊಂಡು ಹರಿದು, ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೂಗು ಬೇಗ ಒಗ್ಗಿಬಿಡುವುದರಿಂದ ವಾಸನೆಯನ್ನು ನಂಬುವಂತಿಲ್ಲ. ಇದನ್ನೆಲ್ಲ ಅವಳು ಕಾಲೇಜಿನಲ್ಲಿ ಓದಿದ್ದಳು. ಮದುವೆಯಾದ ಮೇಲೆ ಶೆಡ್ಡಿನೊಳಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ.

ಮೈದುನನನ್ನು ಮನೆಯಲ್ಲಿ ಎಲ್ಲರೂ ಗುಂಡ ಅನ್ನುತ್ತಿದ್ದರು. ಅವನು ಟಾಲುಯಿನ್ ತುಂಬಿದ ಡ್ರಮ್ಮಿನ ನಲ್ಲಿಯ ಕೆಳಗೆ ಪ್ಲಾಸ್ಟಿಕ್ ಕ್ಯಾನು ಇಟ್ಟ. ಅವಳು ಅದನ್ನು ಸರಿಸಿ, ತಾನು ತಂದಿದ್ದ ಕಬ್ಬಿಣದ ಕ್ಯಾನನ್ನು ಇಟ್ಟಳು. ಡ್ರಮ್ಮಿನಿಂದ ಶೆಡ್ಡಿನ ಹೊರಗೆ ನೆಲದಲ್ಲಿ ಹೂತ ಸರಳಿನವರೆಗೆ ತಾಮ್ರದ ತಂತಿ ಕಟ್ಟತೊಡಗಿದಳು. ಅತ್ತಿಗೆ ಡ್ರಮ್ಮಿಗೂ ಮೂಗುದಾರ ಹಾಕುತ್ತಿದ್ದಾರೆ, ಇನ್ನು ಹುಲ್ಲು ಹಾಕುವುದೊಂದೇ ಬಾಕಿ ಎಂದು ಅವನು ನಕ್ಕ. ಅವಳು ನಗದಿದ್ದಾಗ ತಾನೂ ನಗು ನಿಲ್ಲಿಸಿದ.

"ಕಬ್ಬಿಣಕ್ಕೆ ಕಬ್ಬಿಣ ತಾಗಿದ್ರೆ ಕಿಡಿ ಹಾರುತ್ತೆ ಅತ್ತಿಗೆ. ಪ್ಲಾಸ್ಟಿಕ್ಕಲ್ಲಿ ಎಲ್ಲಿಂದ ಕಿಡಿ? ಅದಕ್ಕೇ ಅಣ್ಣ ಹುಡುಕ್ಕೊಂಡು ಹೋಗಿ ಈ ಜೋಡಿ ಕ್ಯಾನು ತಂದಿದ್ದು. ಒಂದು ಸುಟ್ಟೋಯ್ತು, ಇದೊಂದು ಉಳೀತು."

ಅವಳ ಕೈ ನಿಂತಿತು. ಗಂಡನಿಗೆ ಬೇಜವಾಬ್ದಾರಿ ಎಂದೇ ಇಷ್ಟು ದಿನ ನೆಂಟರೆಲ್ಲ ಆಡಿಕೊಂಡಿದ್ದರು. ಅವನು ಎಚ್ಚರ ವಹಿಸಿಯೇ ಸತ್ತಿದ್ದ.

"ಸುರಿಯುವಾಗ್ಲೇ ಅದರಲ್ಲಿ ಕರೆಂಟು ಹುಟ್ಟುತ್ತೆ ಗುಂಡ. ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನಲ್ವಾ, ಅದೇ. ಕಬ್ಬಿಣದಲ್ಲಿದ್ರೆ ತಂತಿ ಹಿಡ್ಕೊಂಡು ಭೂಮಿಗೆ ಇಳಿಯುತ್ತೆ. ಪ್ಲಾಸ್ಟಿಕ್ಕಲ್ಲಿ ಇಳಿಯೋಕೆ ದಾರಿ ಇಲ್ಲ."

"ಹಾಗಾದ್ರೆ ಅಣ್ಣಂದೇ ತಪ್ಪು ಅಂತೀರಾ?"

"ಹೌದು. ಅದೇ ತಪ್ಪನ್ನ ನೀನೂ ಮಾಡೋಕೆ ನಾನು ಬಿಡಲ್ಲ."

ಗುಂಡನ ಮುಖ ಗಂಟಾಯಿತು. ಕಬ್ಬಿಣದ ಕ್ಯಾನು ಚಿಕ್ಕದು, ಹೀಗೆ ಕಟ್ಟುತ್ತ ಬಿಚ್ಚುತ್ತ ಕೂತರೆ ಇವತ್ತಿನ ಅಂಟು ನಾಳೆಯೂ ಆಗುವುದಿಲ್ಲ, ಬಂದ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ ಎಂದು ಗೊಣಗುತ್ತ ಅಣ್ಣನ ಕ್ಯಾನಿಗೆ ಕೈ ಚಾಚಿದ. ಅವಳು ಅದಕ್ಕೂ ಮೊದಲೇ ಅದನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಕಲ್ಲಿನ ಮೇಲೆ ಬೋರಲು ಹಾಕಿ, ಸ್ಕ್ರೂಡ್ರೈವರ್ ಊರಿ ತಳ ತೂತು ಮಾಡಿದಳು.

ಗುಂಡ ಹೊಸ್ತಿಲಲ್ಲೇ ನಿಂತು ನೋಡಿದ. ಅವಳು ಒಳಗೆ ಬಂದು ಕಬ್ಬಿಣದ ಕ್ಯಾನಿನ ಅಂಚಿನ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದಳು. ಅವನು ಕುಕ್ಕರಗಾಲಲ್ಲಿ ಕೂತು, ಡ್ರಮ್ಮಿನಿಂದ ಎಳೆದ ಇನ್ನೊಂದು ತಂತಿಯ ಕ್ಲಿಪ್ಪನ್ನು ಅಲ್ಲಿ ಕಚ್ಚಿಸಿದ.

"ನಲ್ಲಿ ಎಷ್ಟು ತಿರುಗಿಸ್ಲಿ?"

"ಸಣ್ಣಗೆ."

ಅವನು ಸಣ್ಣಗೆ ತಿರುಗಿಸಿದ. ಕ್ಯಾನು ತುಂಬುವವರೆಗೂ ಅವಳು ಅವನ ಪಕ್ಕದಿಂದ ಕದಲಲಿಲ್ಲ.