ಒಂದು ಗಜದ ಸೋಲು

ಭಾನುವಾರ ಸಂಜೆ ನಾವು ಸೋತೆವು. ಸೋಮವಾರ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ಪಂದ್ಯವನ್ನು ಗೆಲ್ಲುವುದು ಹೇಗೆಂದು ತಿಳಿಯದವನು ಊರಿನಲ್ಲಿ ಒಬ್ಬನೇ ಉಳಿದಿದ್ದ. ಅವನು ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್.

ಡೋರೀನಳ ಹೋಟೆಲಿನಲ್ಲಿ ನಾವು ನಾಲ್ವರು ಕೂತಿದ್ದೆವು. ವಾಲ್ಟ್ ಮತ್ತು ಗಸ್, ಕ್ರೀಡಾಂಗಣದಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಎಡಬಲದ ಕುರ್ಚಿಯವರು. ಎದುರಿಗೆ ಲೆನ್ ನೊವಾಕ್, ನನ್ನ ಜೊತೆ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಅವನ ಮಗ ಟೆಡ್ಡಿ ನಮ್ಮ ತಂಡದ ಆಟಗಾರ. ಮುಂದಿನ ಸಾಲಿನಲ್ಲಿ ಬಗ್ಗಿ ನಿಂತು ಎದುರಾಳಿಗಳನ್ನು ತಡೆಯುವ ಕೆಲಸ. ನಮ್ಮೂರಿನಿಂದ ಆಟದಲ್ಲಿ ಅಷ್ಟು ಎತ್ತರಕ್ಕೆ ಹೋದವನು ಅವನೊಬ್ಬನೇ.

ನಡೆದದ್ದು ಇಷ್ಟು. ನಾಲ್ಕು ಅಂಕ ಮುಂದಿದ್ದೆವು. ಒಂದು ನಿಮಿಷ ನಲವತ್ತು ಸೆಕೆಂಡು ಬಾಕಿ. ಚೆಂಡು ನಮ್ಮದು. ಇನ್ನೊಂದು ಗಜ ಮುಂದೆ ತಳ್ಳಿದ್ದರೆ ಚೆಂಡು ನಮ್ಮಲ್ಲೇ ಉಳಿದು ಹೊತ್ತು ತಾನಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಟೆಡ್ಡಿ, ಆಟ ಶುರುಮಾಡಲು ನಮ್ಮವರೇ ಕೂಗಿ ಕೊಡುವ ಸಂಜ್ಞೆಗೆ ಮೊದಲೇ ಅಲುಗಿಬಿಟ್ಟ. ಐದು ಗಜ ದಂಡ. ಒಂದು ಗಜ ಹೋಗಿ ಆರು ಗಜವಾಯಿತು. ಕೋಚ್ ಹೆದರಿ ಚೆಂಡನ್ನು ದೂರಕ್ಕೆ ಒದೆಸಿದ. ಅದು ಮ್ಯಾಡಕ್ ಕೈಗೆ ಹೋಯಿತು.

ಮ್ಯಾಡಕ್ ಎದುರು ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು. ಅವನಿಗೆ ಒಂದೂವರೆ ನಿಮಿಷ ಕೊಡುವುದೂ ಒಂದೇ, ನರಿಗೆ ಕೋಳಿಗೂಡಿನ ಬೀಗದ ಕೈ ಕೊಡುವುದೂ ಒಂದೇ. ಎಂಬತ್ತು ಗಜ, ಆರು ಎಸೆತ, ನಮ್ಮ ಗೆರೆ ದಾಟಿ ಆರು ಅಂಕ. ಯಾರೂ ಅವನನ್ನು ಕೆಡವಲಿಲ್ಲ, ಅಂಗಿಗೆ ಹಿಮದ ಒಂದು ಚೂರೂ ತಾಗಲಿಲ್ಲ. ಅವನು ನಮ್ಮನ್ನು ಹೀಗೆ ಸೋಲಿಸಿದ್ದು ನಾಲ್ಕು ವರ್ಷದಲ್ಲಿ ಇದು ಮೂರನೇ ಸಲ.

"ಒದೀಬಾರ್ದಿತ್ತು ಕಣ್ರೋ," ಎಂದ ವಾಲ್ಟ್. "ಮ್ಯಾಡಕ್ ಕೈಗೆ ಚೆಂಡು ಕೊಡೋ ಬದ್ಲು ಅದನ್ನ ನುಂಗಿಬಿಡ್ಬೇಕಿತ್ತು."

"ನಿನ್ನನ್ನೇ ಕಳಿಸ್ಬೇಕಿತ್ತು ಬಿಡು," ಎಂದ ಗಸ್. "ಒಂಬತ್ತು ಪ್ಯಾನ್‌ಕೇಕ್ ನುಂಗ್ದೋನಿಗೆ ಒಂದು ಚೆಂಡು ಯಾವ ಲೆಕ್ಕ? ಒದ್ದಿದ್ದು ತಪ್ಪಲ್ವೋ ಮಾರಾಯ. ಆಮೇಲೆ ಮ್ಯಾಡಕ್ ಮೇಲೆ ಮೂರೇ ಜನಾನ ಬಿಟ್ರಲ್ಲ, ಅದು ತಪ್ಪು. ಆರು ಜನ ನುಗ್ಗಿದ್ರೆ ಅವ್ನು ಅಲ್ಲೇ ಮಕಾಡೆ ಮಲಗ್ತಿದ್ದ."

"ಹೋದ ವರ್ಷ ಆರು ಜನ ನುಗ್ಗಿದ್ರು. ಆಗ 'ಮೂರು ಜನ ಸಾಕಿತ್ತು' ಅಂದೋನು ಯಾರೋ?"

"ಅದು ಹೋದ ವರ್ಷ!"

ಮೇಜು ಗುದ್ದಿ ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದವನು ನಾನು. "ಆ ಕೋಚ್‌ಗೆ ಎದೇಲಿ ಗುಂಡಿಗೆ ಇಲ್ಲ ಕಣ್ರೋ, ಓಟ್ಸ್ ಗಂಜಿ ಇದೆ!"

"ರಸ್, ಮೇಜು ಮುರಿದ್ರೆ ನಿನ್ನನ್ನೇ ನಾಲ್ಕು ಕಾಲಲ್ಲಿ ನಿಲ್ಲಿಸ್ತೀನಿ," ಎಂದಳು ಡೋರೀನ್, ಕಾಫಿ ಸುರಿಯುತ್ತ.

ಲೆನ್ ಮಾತ್ರ ಚಮಚದಿಂದ ತಟ್ಟೆ ಕೆದಕುತ್ತ ಕೂತಿದ್ದ. ತಟ್ಟೆಯಲ್ಲಿ ಮೊಟ್ಟೆ ಆರಿ ಗಟ್ಟಿಯಾಗಿತ್ತು. ಕೊನೆಗೆ ತಲೆ ಎತ್ತದೆ ಹೇಳಿದ: "ನಮ್ಮ ಗ್ಯಾರೇಜ್ ಬಾಗಿಲ ಮೇಲೆ ಯಾರೋ 'ಐದು ಗಜ' ಅಂತ ಬಣ್ಣದಲ್ಲಿ ಬರೆದು ಹೋಗಿದಾರೆ."

ನಾನು ಮೇಜಿನಿಂದ ಮುಷ್ಟಿ ತೆಗೆದೆ.

"ಅದು ಹೋಗ್ಲಿ, ಉಜ್ಜಿದ್ರೆ ಹೋಗತ್ತೆ," ಎಂದ ಲೆನ್. "ಗದ್ದಲದಲ್ಲಿ ಸಂಜ್ಞೆ ಕೇಳಿಸ್ಲಿಲ್ಲ ಅಂತ ಟೆಡ್ಡಿ ಪತ್ರಿಕೆಯವರಿಗೆ ಹೇಳಿದಾನೆ. ರೇಡಿಯೋದಲ್ಲಿ ಎಲ್ರೂ ಅವ್ನನ್ನ ಸುಳ್ಳುಬುರುಕ ಅಂತಿದಾರೆ. ನಾನೂ ರಾತ್ರಿ ಫೋನಲ್ಲಿ ಬೈದೆ. ತಪ್ಪು ಮಾಡಿದ್ರೆ ಮಾಡ್ದೆ ಅನ್ನು, ಸುಳ್ಳು ಹೇಳ್ಬೇಡ ಅಂದೆ. ನಮ್ಮ ಕ್ರೀಡಾಂಗಣದಲ್ಲಿ, ನಮ್ಮ ಕೈಲಿ ಚೆಂಡಿರೋವಾಗ, ಯಾವನು ಗದ್ದಲ ಮಾಡ್ತಾನೆ? ಅವ್ನು ಫೋನ್ ಇಟ್ಟುಬಿಟ್ಟ. ಈಗ ನಾನು ಮಾಡಿದ್ರೆ ಎತ್ತೋದೇ ಇಲ್ಲ."

ಲೆನ್ ಹೇಳಿದ್ದು ನ್ಯಾಯವೇ. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಅವರ ಸಂಜ್ಞೆ ಅವರಿಗೇ ಕೇಳದಂತೆ ಗಂಟಲು ಹರಿಯುವಷ್ಟು ಕಿರುಚಬೇಕು. ನಮ್ಮ ಕೈಯಲ್ಲಿದ್ದಾಗ ಇಗರ್ಜಿಯಲ್ಲಿ ಕೂತಂತೆ ತೆಪ್ಪಗಿರಬೇಕು. ಇದನ್ನು ಇಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿಯುತ್ತವೆ. ಆಟಗಾರರ ಮನೆಯವರ ಸೀಟು ಕ್ರೀಡಾಂಗಣದ ಆಚೆ ತುದಿಯಲ್ಲಿ, ದಪ್ಪ ಗಾಜಿನ ಹಿಂದೆ, ಮುಚ್ಚಿದ ಕೋಣೆಯಲ್ಲಿ. ಲೆನ್‌ಗೆ ಏನೂ ಕೇಳಿಸಿರಲಿಲ್ಲ.

ನನ್ನ ಸಾಲಿನಲ್ಲಿ ಕೇಳಿಸಿತ್ತು. ವಾಲ್ಟ್ ಉಪ್ಪಿನ ಡಬ್ಬಿ ನೋಡುತ್ತಿದ್ದ. ಗಸ್ ಕಿಟಕಿ ನೋಡುತ್ತಿದ್ದ. ಒಂದು ಗಜ ಬಾಕಿ ಎಂದಾಗ ಕುರ್ಚಿಯ ಮೇಲೆ ಹತ್ತಿ "ಒಂದೇ ಗಜ! ಒಂದೇ ಗಜ!" ಎಂದು ಕೂಗು ಎಬ್ಬಿಸಿದವನು ನಾನು. ಇಪ್ಪತ್ತೆರಡು ವರ್ಷ ಎಷ್ಟೋ ಕೂಗು ಎಬ್ಬಿಸಲು ನೋಡಿದ್ದೇನೆ, ಪಕ್ಕದವನೂ ದನಿಗೂಡಿಸಿರಲಿಲ್ಲ. ಅವತ್ತು ಸಾಲು ಎದ್ದಿತು, ಆಮೇಲೆ ಆ ಬದಿಯೆಲ್ಲ ಎದ್ದಿತು, ಎಪ್ಪತ್ತು ಸಾವಿರ ಜನ ನನ್ನ ಮಾತನ್ನು ಕೂಗಿದರು. ನನ್ನ ಮದುವೆಯ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲ. ಟೆಡ್ಡಿ ಅಲುಗಿದಾಗ ಅವನನ್ನು ಬೈದವರಲ್ಲೂ ನಾನೇ ಮೊದಲಿಗ.

"ನಾನು ಕಣೋ ಲೆನ್," ಎಂದೆ. "ಗದ್ದಲ ಎಬ್ಬಿಸ್ದೋನು ನಾನು. ನಿನ್ನ ಮಗ ಸುಳ್ಳು ಹೇಳಿಲ್ಲ."

ಲೆನ್ ನನ್ನ ಮುಖ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅಷ್ಟರಲ್ಲಿ ವಾಲ್ಟ್ ಬಾಯಿ ಹಾಕಿದ: "ಇವ್ನೊಬ್ನೇ ಅಲ್ಲ ಮತ್ತೆ! ಮೊದಲ್ನೇ ಸಲ ಇವ್ನು ಕೂಗಿದಾಗ ಯಾರಿಗೂ ಕೇಳಿಸ್ಲಿಲ್ಲ. ಎರಡನೇ ಸಲ ನಾನು ರಾಗ ಎಳೆದೆ ನೋಡು, ಆಗ ಎದ್ದಿದ್ದು ಜನ."

"ಎಳೀತೀಯ! ನಾನು ಕುರ್ಚಿ ಬಡಿದು ತಾಳ ಹಾಕ್ದೇ ಇದ್ದಿದ್ರೆ ನಿಮ್ಮಿಬ್ರದ್ದೂ ನಾಯಿ ಬೊಗಳಿದ ಹಾಗಿರ್ತಿತ್ತು," ಎಂದ ಗಸ್.

ಈವರೆಗೆ ಉಪ್ಪಿನ ಡಬ್ಬಿ, ಕಿಟಕಿ ನೋಡುತ್ತಿದ್ದ ಮಹಾಶಯರು!

"ರೇಡಿಯೋಗೆ ಹೇಳು," ಎಂದ ಲೆನ್. ಅಷ್ಟೇ.

ಫೋನ್ ಮಾಡಿದೆ. ನಲವತ್ತು ನಿಮಿಷ ಕಾಯಿಸಿದರು. ಡೋರೀನ್ ರೇಡಿಯೋ ಜೋರು ಮಾಡಿದಳು. ನನ್ನ ಸರದಿ ಬಂದಾಗ ಹೆಸರು, ಸಾಲು, ಸೀಟಿನ ನಂಬರು ಸಮೇತ ಒಪ್ಪಿಕೊಂಡೆ. ಸೋಲು ನನ್ನಿಂದ, ಹುಡುಗನನ್ನು ಬಿಡಿ ಎಂದೆ.

ಕಾರ್ಯಕ್ರಮ ನಡೆಸುವವನು ಚಪ್ಪಾಳೆ ತಟ್ಟಿದ. "ಕೇಳಿದ್ರಾ ಸ್ನೇಹಿತ್ರೇ? ಹುಡುಗನ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಿದಾರೆ ಈ ಹಿರಿಯರು. ಇಂಥ ಅಭಿಮಾನಿಗಳು ಇನ್ನೆಲ್ಲಿ ಸಿಗ್ತಾರೆ?"

"ತಲೆ ಮೇಲೆ ಎಳ್ಕೊಳ್ತಿಲ್ಲ ಕಣಯ್ಯಾ, ಮಾಡಿದ್ದೇ ನಾನು!" ಎಂದು ಕಿರುಚಿದೆ. ಅಷ್ಟರಲ್ಲಿ ನನ್ನ ಕರೆ ಕಡಿದಿದ್ದರು.

ಮುಂದಿನವನು ಫೋನ್ ಮಾಡಿ, ಕೂಗು ಶುರುವಾದದ್ದು ಉತ್ತರದ ಬದಿಯಿಂದ, ತನ್ನಿಂದ, ಎಂದ. ಅದರ ಮುಂದಿನವಳು ತನ್ನ ಅತ್ತೆಯಿಂದ ಎಂದಳು. ಊಟದ ಹೊತ್ತಿಗೆ ಹನ್ನೊಂದು ಜನ ಒಪ್ಪಿಕೊಂಡಿದ್ದರು. ಎಪ್ಪತ್ತು ಸಾವಿರ ಜನರನ್ನು ಎಬ್ಬಿಸಿದ ಕೀರ್ತಿ ನೋಡಿ, ಯಾರಿಗೆ ಬೇಡ? ಗದ್ದಲ ಆಗಲೇ ಇಲ್ಲ ಅನ್ನುವವರು ಯಾರೂ ಉಳಿಯಲಿಲ್ಲ. ಟೆಡ್ಡಿ ಸುಳ್ಳುಬುರುಕ ಎಂದವನೇ ಈಗ "ಪಾಪ, ಆ ಮಗು" ಅನ್ನುತ್ತಿದ್ದ. ತಪ್ಪೆಲ್ಲ ಮತ್ತೆ ಕೋಚ್ ಮೇಲೆ ಬಿತ್ತು. ಜನ ಅಷ್ಟು ಗದ್ದಲ ಮಾಡುತ್ತಾರೆ ಅಂತ ಅವನಿಗೆ ಮೊದಲೇ ತಿಳಿದಿರಬೇಕಿತ್ತಂತೆ.

ಲೆನ್‌ನ ಫೋನ್ ರಿಂಗಾಯಿತು. ಟೆಡ್ಡಿ. ಅವನೂ ರೇಡಿಯೋ ಕೇಳುತ್ತಿದ್ದ.

"ಹೂಂ ಮಗಾ," ಎಂದ ಲೆನ್. "ಕೇಳ್ದೆ. ನಿನ್ನ ಮಾತು ನಂಬ್ಬೇಕಿತ್ತು ನಾನು. ನಂಬ್ಲಿಲ್ಲ." ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ. ಫೋನನ್ನು ಎದೆಗೊತ್ತಿ ನನ್ನ ಕಡೆ ತಿರುಗಿದ. "ಏನು ಕೂಗ್ತಿದ್ರಿ ಅಂತ ಕೇಳ್ತಿದಾನೆ. ಅವ್ನಿಗೆ ಬರೀ ಗದ್ದಲ, ಮಾತು ತಿಳೀಲಿಲ್ವಂತೆ."

"ಒಂದೇ ಗಜ ಅಂತ," ಎಂದೆ.

ಲೆನ್ ಒಂದು ಕ್ಷಣ ನನ್ನನ್ನೇ ನೋಡಿದ. ಫೋನನ್ನು ಮತ್ತೆ ಕಿವಿಗಿಟ್ಟ.

"ನಿನ್ನ ಹೆಸ್ರು ಕೂಗ್ತಿದ್ರಂತೆ ಮಗಾ," ಎಂದ. "ಎಲ್ರೂ."